ಪಹಣಿಯಲ್ಲಿ ಹೆಸರು ಯಾರದು?

ನಾನು ಎಂಜಿನಿಯರಿಂಗ್ ಓದಿದವನು. ಕರೆಂಟ್ ಅಂದ್ರೆ ವೋಲ್ಟು, ಮೆಗಾವ್ಯಾಟು ಅಂತಲೇ ಕಲಿತೆ. ಅದರ ಹಿಂದೆ ಒಂದು ಪಹಣಿಯೂ ಇರುತ್ತೆ ಅಂತ ಯಾವ ಸಿಲಬಸ್ಸೂ ಹೇಳಲಿಲ್ಲ.

1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಹೋಗಿದ್ದು ಎಲ್ಲಿಗೆ? ನೂರು ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದೇ 1905ರಲ್ಲಿ. ಆಮೇಲೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡು ಬೆಳಗಿತು. ಊರು ಬಿಟ್ಟ ಎಷ್ಟೋ ಕುಟುಂಬಗಳು ಅರ್ಧ ಶತಮಾನ ಕಳೆದರೂ ಹಕ್ಕುಪತ್ರಕ್ಕೆ ಅಲೆಯುತ್ತಲೇ ಇವೆ. ಆ ಕರೆಂಟಿಗೆ ಹೊಗೆ ಇರಲಿಲ್ಲ, ನಿಜ.

ಇಂಥ ನಾಡಿನಲ್ಲಿ ಪಾವಗಡದ ರೈತರ ಹತ್ತಿರ ಹೋಗಿ, ಸೌರ ವಿದ್ಯುತ್ತಿಗೆ 13 ಸಾವಿರ ಎಕರೆ ಕೊಡಿ ಅಂದ್ರೆ? ಕೊಟ್ಟರು. ಆದರೆ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ, ಜಮೀನು ತಮ್ಮದೇ. ಬರದ ತಾಲ್ಲೂಕು ಸ್ವಾಮಿ, ಮಳೆಗಿಂತ ಈ ಕಾಗದವನ್ನು ನಂಬಬಹುದು ಅನ್ನಿಸಿತು. 2018ರಲ್ಲಿ ಪಾರ್ಕ್ ಉದ್ಘಾಟನೆ ಆಯ್ತು. ಸಾಮರ್ಥ್ಯ 2,050 ಮೆಗಾವ್ಯಾಟ್.

ಇದನ್ನು ಹೊಗಳಿ ನಾನೂ ಒಂದು ಕಾರ್ಯಕ್ರಮ ಮಾಡಿದೆ. ಅದರಲ್ಲಿ ಮಾತಾಡಿದವರೆಲ್ಲ ಜಮೀನು ಇದ್ದವರೇ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ, ಒಂದು ಗುಂಟೆಯೂ ಇಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಕೂಲಿ ಹೋಯಿತು, ಉಳಿದಿದ್ದು ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲವೇ ಕೆಲಸ. ಅವರ ಕಡೆ ನಾನು ಮೈಕ್ ಹಿಡಿಯಲೇ ಇಲ್ಲ.