ಒಂಬತ್ತು ತೂತಿನ ಹರಿಗೋಲು, ಮುಂಗೈ ಮೇಲಿನ ಜಿಪಿಎಸ್

ಮಾನ್ವಿಯಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. "ತಮ್ಮಾ, ನಾನು ಹೊಳಿಯಾಗ ಕಯಾಕ್ ನಡೆಸೋದು ಕಲೀಲಿಕ್ಹತ್ತೀನಿ. ಕೈಗೆ ಕಟ್ಟೋ ಜಿಪಿಎಸ್ ವಾಚು ತಗೊಂಡ್ರ ನೀರಿಗೆ ತಡೀತದೇನು?" ಅಂತ.

ಚಿಕ್ಕ ಉತ್ತರ: ತಡೀತದ, ನೀವು ನೋಡಿಕೊಂಡಷ್ಟು ದಿನ. ಆದರೆ ಇದು ಹಿಸ್ಟರಿ ಪಾಡ್‌ಕಾಸ್ಟ್, ಚಿಕ್ಕ ಉತ್ತರಕ್ಕೆ ಬಿಡೋದಿಲ್ಲ. ನೀರಿನ ಮೇಲೆ ಹೋಗುವ ವಸ್ತುವಿನೊಳಗೆ ನೀರು ಬರದಂತೆ ಮಾಡೋದು ಹೇಗೆ, ಹೊಳೆ ನಡುವೆ ನಾವು ಎಲ್ಲಿದ್ದೀವಿ ಅಂತ ತಿಳಿಯೋದು ಹೇಗೆ – ಈ ಎರಡು ಪ್ರಶ್ನೆಗಳನ್ನು ನಮ್ಮ ಜಿಲ್ಲೆಯ ಅಂಬಿಗರು ಕನಿಷ್ಠ 500 ವರ್ಷದಿಂದ ಬಿಡಿಸುತ್ತಾ ಬಂದಿದ್ದಾರೆ.

ನಮ್ಮದು ಎರಡು ಹೊಳೆ ನಡುವಿನ ನಾಡು. ಶಾಸನಗಳಲ್ಲಿ ಇದರ ಹೆಸರು ಎಡೆದೊರೆ. ಆಮೇಲೆ ದೋಆಬ್ ಆಯಿತು. ದೇವದುರ್ಗದವರಿಗೆ ಕೃಷ್ಣೆ, ಮಾನ್ವಿಯವರಿಗೆ ತುಂಗಭದ್ರೆ, ರಾಯಚೂರು ನಗರದವರಿಗೆ ಎರಡೂ ಹತ್ತಿರ. ಯಾವ ಕಡೆ ಹೊರಟರೂ ನೀರು ದಾಟಬೇಕು.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಆನೆಗೊಂದಿ ಕಡೆ ಜನ ತುಂಗಭದ್ರೆ ದಾಟುವುದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, 15–20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಅವನಿಗೆ ವಿಚಿತ್ರ ಅನ್ನಿಸಿದ್ದು ಇನ್ನೊಂದು: ಈ ದೋಣಿ ನೆಟ್ಟಗೆ ಹೋಗೋದೇ ಇಲ್ಲ, ಸದಾ ಸುತ್ತುತ್ತಲೇ ಇರುತ್ತದೆ ಅಂತ. ನಮ್ಮ ತೆಪ್ಪ ಕಂಡವರಿಗೆ ಇದು ಹೊಸದಲ್ಲ ಬಿಡ್ರಿ. ಈ ಬರಹವನ್ನು ಇಂಗ್ಲಿಷಿಗೆ ತಂದಿದ್ದು ರಾಬರ್ಟ್ ಸೀವೆಲ್, 1900ರಲ್ಲಿ.

ಅದೇ 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ನಡುವೆ ಕಾಳಗ ನಡೆಯಿತು. ಇಸ್ಮಾಯಿಲ್ ಕುಡಿದ ಅಮಲಿನಲ್ಲಿ, ದೋಣಿಗಳು ಪೂರ್ತಿ ಸಿದ್ಧವಾಗುವ ಮೊದಲೇ ಆನೆ ಏರಿ ಕೃಷ್ಣೆ ದಾಟಲು ಹೊರಟ ಅಂತ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಕುಡಿತದ ಮಾತು ಎಷ್ಟು ನಿಜವೋ, ಸೋತ ರಾಜನ ಮೇಲೆ ಹೊರಿಸಿದ್ದು ಎಷ್ಟೋ, ನನಗೆ ಅನುಮಾನ ಇದೆ. ಆದರೆ ವಾಪಸ್ ಓಡುವಾಗ ಅವನ ಸೈನ್ಯದ ಬೆನ್ನ ಹಿಂದೆ ಹೊಳೆ ಇತ್ತು, ಅದರಲ್ಲಿ ಬಹಳ ಜನ ಮುಳುಗಿ ಸತ್ತರು. ಯುದ್ಧದ ಪುಸ್ತಕಗಳು ತೋಪು, ಕುದುರೆ ಲೆಕ್ಕ ಹಾಕುತ್ತವೆ. ತೆಪ್ಪದ ಲೆಕ್ಕ ಹಾಕೋರು ಕಡಿಮೆ.

ಈಗ ತೂತಿನ ವಿಷಯಕ್ಕೆ ಬರೋಣ. ಪುರಂದರದಾಸರ ಅಂಬಿಗನ ಪದ ನಿಮಗೆಲ್ಲ ಗೊತ್ತು. ಅದರಲ್ಲಿ ಬರುವ ಹರಿಗೋಲಿಗೆ ಒಂಬತ್ತು ತೂತು. ದಾಸರು ಹೇಳಿದ್ದು ಈ ದೇಹದ ಮಾತು. ಆದರೆ ಹೋಲಿಕೆ ಹುಟ್ಟಿದ್ದು ದಡದಲ್ಲಿ ಕೂತು ದಿನಾ ತೂತು ಮುಚ್ಚುವ ಅಂಬಿಗನನ್ನು ನೋಡಿಯೇ ಇರಬೇಕು ಅಂತ ನನ್ನ ಊಹೆ. ಚರ್ಮದ ಹೊದಿಕೆ ನೀರಲ್ಲೇ ಇದ್ದರೆ ಕೊಳೆಯುತ್ತದೆ, ಬಿಸಿಲಿಗೆ ಬಿಟ್ಟರೆ ಬಿರಿಯುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಬೋರಲು ಹಾಕಿ ಒಣಗಿಸಬೇಕು, ಹೊಲಿಗೆ ನೋಡಬೇಕು, ಮತ್ತೆ ಜಿಡ್ಡು ಹಚ್ಚಬೇಕು. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಅದರ ಮೇಲೆ ಡಾಂಬರು ಬಂದಿದೆ. ಫೈಬರ್ ತೆಪ್ಪಗಳೂ ಇವೆ. ವಸ್ತು ಬದಲಾದರೂ ಮತ್ತೆ ಮತ್ತೆ ಹಚ್ಚುವ ಕೆಲಸ ತಪ್ಪಿಲ್ಲ.

ವಾಚಿನ ಕಥೆಯೂ ಹೀಗೇ. 1926ರಲ್ಲಿ ರೋಲೆಕ್ಸ್ ಕಂಪನಿ ಆಯ್‌ಸ್ಟರ್ ಅನ್ನುವ ನೀರು ಹೋಗದ ವಾಚು ತಂತು. ಮರುವರ್ಷ, 1927ರ ಅಕ್ಟೋಬರಿನಲ್ಲಿ, ಮರ್ಸಿಡಿಸ್ ಗ್ಲೈಟ್ಸೆ ಎಂಬ ಈಜುಗಾರ್ತಿ ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿನಲ್ಲಿ ಅದನ್ನು ಧರಿಸಿ 10 ಗಂಟೆಗೂ ಹೆಚ್ಚು ಹೊತ್ತು ಈಜಿದಳು. ಆ ಸಲ ದಡ ಮುಟ್ಟಲಿಲ್ಲ, ವಾಚು ಮಾತ್ರ ನಡೆಯುತ್ತಲೇ ಇತ್ತು. ಅದು ಇದ್ದದ್ದು ಮುಂಗೈ ಮೇಲಲ್ಲ, ಕೊರಳಲ್ಲಿ. ಜಾಹೀರಾತಿಗೆ ಅಷ್ಟು ಸಾಕಾಯಿತು.

ಇನ್ನು ಜಿಪಿಎಸ್. ಅಮೆರಿಕದ ಸೈನ್ಯ ಈ ಯೋಜನೆ ಶುರು ಮಾಡಿದ್ದು 1973ರಲ್ಲಿ, ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ನಮ್ಮಂಥ ಸಾಮಾನ್ಯರಿಗೆ ಸಿಗುವ ಸಿಗ್ನಲ್ಲನ್ನು ಅವರು ಬೇಕಂತಲೇ ಕೆಡಿಸಿಟ್ಟಿದ್ದರು, ಸುಮಾರು 100 ಮೀಟರ್ ತನಕ ತಪ್ಪು ಬರುತ್ತಿತ್ತು. 2000ದ ಮೇ ಮೊದಲ ವಾರದಲ್ಲಿ ಆ ತಡೆ ತೆಗೆದರು. ಜಿಪಿಎಸ್ ಇರುವ ಮೊದಲ ಕೈಗಡಿಯಾರವನ್ನು ಕ್ಯಾಸಿಯೊ 1999ರಲ್ಲೇ ತಂದಿತ್ತು, ಆದರೆ ಅದರ ಗಾತ್ರ ನೋಡಿದರೆ ಮುಂಗೈಗೆ ಇಟ್ಟಿಗೆ ಕಟ್ಟಿದ ಹಾಗೆ. 2003ರಲ್ಲಿ ಗಾರ್ಮಿನ್‌ನ ಫೋರ್‌ರನ್ನರ್ ಬಂತು, ಓಡುವವರಿಗಾಗಿ. 2006ರ ಫೋರ್‌ರನ್ನರ್ 305ಕ್ಕೆ ಇದ್ದ ದರ್ಜೆ ಐಪಿಎಕ್ಸ್7: ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಮಳೆಗೆ ಸಾಕು, ಹೊಳೆಗೆ ಸಾಲದು. 2009ರಲ್ಲಿ ಬಂದ 310ಎಕ್ಸ್‌ಟಿ 50 ಮೀಟರ್ ದರ್ಜೆಯದ್ದು, ಈಜುವವರೂ ಕಟ್ಟಬಹುದಾದದ್ದು.

ಈ 50 ಮೀಟರ್ ಅನ್ನುವುದರಲ್ಲೇ ಜನ ಮೋಸ ಹೋಗೋದು. 50 ಮೀಟರ್ ಆಳಕ್ಕೆ ಇಳಿಯಬಹುದು ಅಂತ ಇದರರ್ಥ ಅಲ್ಲ. ಹೊಸ ವಾಚಿನ ಮೇಲೆ ಅಷ್ಟು ನೀರಿನ ಸಮನಾದ ಒತ್ತಡವನ್ನು, ಅಲುಗಾಡಿಸದೆ, ಪರೀಕ್ಷೆಯಲ್ಲಿ ಹಾಕಿದಾಗ ತಡೆಯಿತು ಅಂತಷ್ಟೇ. ನೀರನ್ನು ತಡೆಯುವುದು ಒಳಗಿರುವ ರಬ್ಬರಿನ ಸಣ್ಣ ಬಳೆ, ಅಂದ್ರೆ ಗ್ಯಾಸ್ಕೆಟ್. ಸಾಬೂನು, ಬಿಸಿನೀರು, ಬೆವರು, ಬಿಸಿಲು ಸೇರಿ ಅದನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ಬಿ.ಕಾಂ ಓದಿದವನ ಭಾಷೆಯಲ್ಲಿ ಹೇಳೋದಾದರೆ ವಾಟರ್‌ಪ್ರೂಫ್ ಅನ್ನೋದಕ್ಕೂ ಸವಕಳಿ ಉಂಟು; ಕೊಂಡ ದಿನದ ಬೆಲೆಯನ್ನೇ ಐದು ವರ್ಷ ಪುಸ್ತಕದಲ್ಲಿ ತೋರಿಸಿದರೆ ಆಡಿಟರ್ ಬಿಡೋದಿಲ್ಲ, ಹೊಳೆಯೂ ಬಿಡೋದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಬೈಕಿನ ಟ್ಯಾಂಕ್ ಮೇಲೆ ವಾಚು ಇಟ್ಟು ಚಹಾ ಕುಡಿಯಲು ಹೋಗುವವರು ಇದನ್ನು ನೆನಪಿಡಬೇಕು.

ಗುಂಡಿಗಳನ್ನು ನೀರಿನೊಳಗೆ ಒತ್ತಬೇಡಿ, ಆ ಜಾಗದಿಂದಲೇ ನೀರು ನುಗ್ಗೋದು. ಹೊಳೆಯಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ; ನಮ್ಮ ಹೊಳೆಗಳಲ್ಲಿ ಉಪ್ಪಿಲ್ಲ ನಿಜ, ಆದರೆ ಮರಳು ಮತ್ತು ರಾಡಿ ಇದೆ, ಗುಂಡಿಯ ಸಂದಿಯಲ್ಲಿ ಅದೇ ಕೂರುತ್ತದೆ. ಪೂರ್ತಿ ಒಣಗಿಸದೆ ಚಾರ್ಜಿಗೆ ಹಾಕಿದರೆ ಹಿಂದಿನ ಲೋಹದ ಚುಕ್ಕಿಗಳಿಗೆ ತುಕ್ಕು ಹಿಡಿಯುತ್ತದೆ. ಬೆನ್ನಿನ ಮುಚ್ಚಳ ತೆಗೆದು ಬ್ಯಾಟರಿ ಹಾಕಿಸಿದರೆ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿಸಿ, ಒತ್ತಡದ ಪರೀಕ್ಷೆ ಮಾಡಿಸಿ. ಗಾಳಿಯ ಒತ್ತಡ ಅಳೆಯುವ ವಾಚುಗಳಿಗೆ ಪಕ್ಕದಲ್ಲಿ ಸಣ್ಣ ರಂಧ್ರ ಇರುತ್ತದೆ. ಅದನ್ನು ಸೂಜಿಯಿಂದ ಕೆದಕಬೇಡಿ. ತೂತುಗಳ ಲೆಕ್ಕದಲ್ಲಿ ಈಗಿನ ವಾಚು ದಾಸರ ಹರಿಗೋಲಿಗೆ ಹತ್ತಿರ ಬಂದುಬಿಟ್ಟಿದೆ.

ಹುಟ್ಟು ಹಾಕುವವರಿಗೆ ಇನ್ನೊಂದು ತೊಡಕು. ಜಿಪಿಎಸ್ ಸಿಗ್ನಲ್ ಸುಮಾರು 20,000 ಕಿ.ಮೀ. ಮೇಲಿನಿಂದ ಬರುತ್ತದೆ, ಆದರೆ ಕೆಲವೇ ಬೆರಳು ನೀರಿನ ಕೆಳಗೆ ಸತ್ತುಹೋಗುತ್ತದೆ. ಮುಂಗೈ ಪ್ರತಿ ಎಳೆತಕ್ಕೂ ನೀರು ಮುಟ್ಟಿದರೆ ಗೆರೆ ಅಂಕುಡೊಂಕಾಗುತ್ತದೆ. ಕಯಾಕ್ ಮಂದಿ ವಾಚನ್ನು ಎದುರಿನ ಡೆಕ್ಕಿಗೋ ಲೈಫ್ ಜಾಕೆಟ್ಟಿನ ಹೆಗಲಿಗೋ ಕಟ್ಟೋದು ಇದಕ್ಕೇ. ಆದರೆ ಹಾಗೆ ಕಟ್ಟಿದರೆ ಎಳೆತ ಎಣಿಸುವ ಲೆಕ್ಕ ಕೈಬಿಟ್ಟುಹೋಗಬಹುದು, ಯಾಕಂದ್ರ ಆ ಲೆಕ್ಕ ನಡೆಯೋದು ಕೈಯ ಚಲನೆಯ ಮೇಲೆ.

ತೆಪ್ಪದಲ್ಲಂತೂ ತಮಾಷೆ. ಪಾಯೆಸ್ ಕಂಡ ಆ ಸುತ್ತಾಟ ಜಿಪಿಎಸ್ ಗೆರೆಯಲ್ಲಿ ಕಾಣೋದೇ ಇಲ್ಲ. ತೆಪ್ಪದ ಅಗಲ ಎರಡು ಮೂರು ಮೀಟರ್. ವಾಚಿನ ತಪ್ಪೇ ಅಷ್ಟು ಅಥವಾ ಅದಕ್ಕಿಂತ ಹೆಚ್ಚು. ಪೋರ್ಚುಗೀಸ್ ಪ್ರವಾಸಿಯ ಕಣ್ಣಿಗೆ ಮೊದಲು ಬಿದ್ದದ್ದು ಉಪಗ್ರಹಕ್ಕೆ ಬೀಳೋದಿಲ್ಲ.

ನಕ್ಕು ಸುಮ್ಮನಾಗುವ ಮಾತಲ್ಲ ಇದು. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆ ದಡದ ಮೇಲೆ ಗೂಗಲ್ ಅಂತಲೇ ಒಂದು ಊರಿದೆ, ಅಲ್ಲಮಪ್ರಭುವಿನ ಗುಡಿ ಇರುವ ಊರು, ಕ್ಯಾಲಿಫೋರ್ನಿಯಾದ ಗೂಗಲ್‌ಗಿಂತ ಬಹಳ ಹಳೆಯದು. ಅದೇ ತಾಲ್ಲೂಕಿನಲ್ಲಿ 2019ರ ಆಗಸ್ಟಿನಲ್ಲಿ ಏನಾಯಿತು ನೋಡ್ರಿ. ನಾರಾಯಣಪುರದ ಬಸವಸಾಗರದಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟರು, ಹೂವಿನಹೆಡಗಿ ಸೇತುವೆ ಮುಳುಗಿತು. ಅದೇ ಪ್ರವಾಹದಲ್ಲಿ ಹಿರೇರಾಯನಕುಂಪಿ ಬಳಿ, ಶವ ಮತ್ತು ಮಕ್ಕಳನ್ನು ಹೊತ್ತ ಆಂಬುಲೆನ್ಸ್ ಒಂದು ನೀರು ತುಂಬಿದ ಸೇತುವೆ ಮುಂದೆ ನಿಂತಿತು. ರಸ್ತೆ ಎಲ್ಲಿ, ಹೊಳೆ ಎಲ್ಲಿ ಅಂತ ಚಾಲಕನಿಗೆ ಕಾಣಲಿಲ್ಲ. ಆ ಊರಿನ ಶಾಲಾ ಹುಡುಗನೊಬ್ಬ ನೀರಿಗಿಳಿದು, ಎಡವುತ್ತಾ ಏಳುತ್ತಾ ಮುಂದೆ ಓಡಿ, ದಾರಿ ತೋರಿಸಿದ. ಆಂಬುಲೆನ್ಸ್ ಅವನ ಹಿಂದೆ ದಾಟಿತು. ಮುಂದೆ ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು.

ಆ ಹೊತ್ತು ಯಾವ ಜಿಪಿಎಸ್ ನೋಡಿದ್ದರೂ ಅಲ್ಲಿ ರಸ್ತೆ ಇದೆ ಅಂತಲೇ ತೋರಿಸುತ್ತಿತ್ತು. ಸುಳ್ಳೇನಲ್ಲ, ರಸ್ತೆ ಇತ್ತು, ನೀರಿನ ಕೆಳಗೆ. ನೀರು ಎಷ್ಟಿದೆ, ಸೆಳೆತ ಹೇಗಿದೆ ಅನ್ನೋದು ಉಪಗ್ರಹಕ್ಕಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. 2020ರ ಆಗಸ್ಟಿನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲಾ ನಡುಗಡ್ಡೆ ಬಳಿ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ಅವರು ಕ್ರೀಡೆಗೆ ಹೋದವರಲ್ಲ, ಆಚೆ ದಡದಿಂದ ಮನೆಗೆ ಬರುತ್ತಿದ್ದವರು.

ನಮ್ಮದೇ ನಾವಿಕ್ ವ್ಯವಸ್ಥೆಯ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು, ನಿಗಾ ಕೇಂದ್ರ ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ. ಆದರೆ ಬಹುತೇಕ ಸಣ್ಣ ವಾಚುಗಳ ಚಿಪ್ ಹಿಡಿಯುವ ಎಲ್1 ತರಂಗ ಅದರಲ್ಲಿ ಇರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ ಅದು ಸೇರಿತು. ಈಗ ವಾಚು ಕೊಳ್ಳುವವರು ನಾವಿಕ್ ಹಿಡಿಯುತ್ತದೋ ಅಂತ ಅಂಗಡಿಯಲ್ಲಿ ಕೇಳಬಹುದು.

ಮಾನ್ವಿಯ ಅಣ್ಣನಿಗೆ: 50 ಮೀಟರ್ ದರ್ಜೆಗಿಂತ ಕಡಿಮೆ ತಗೋಬೇಡಿ, ಲೈಫ್ ಜಾಕೆಟ್ ಖರ್ಚು ಮೊದಲು ತೆಗೆದಿಟ್ಟು ಉಳಿದ ದುಡ್ಡಲ್ಲಿ ವಾಚು ನೋಡಿ. ಮಳೆಗಾಲದಲ್ಲಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ ಅಂತ ವಿಚಾರಿಸದೆ ಇಳಿಯಬೇಡಿ, ದಡದಲ್ಲಿರೋ ಅಂಬಿಗರನ್ನೂ ಒಂದು ಮಾತು ಕೇಳಿ. ಮುಂದಿನ ಕಂತಿನಲ್ಲಿ 1871ಕ್ಕೆ ಹೋಗೋಣ, ಬೊಂಬಾಯಿ ಕಡೆಯ ರೈಲು ಮತ್ತು ಮದ್ರಾಸಿನ ರೈಲು ನಮ್ಮ ರಾಯಚೂರಲ್ಲೇ ಯಾಕೆ ಬಂದು ಕೂಡಿದವು ಅಂತ ನೋಡೋಕೆ. ಬರ್ತೀನ್ರೀ.