ಇನ್ನೊಬ್ಬರ ‘ನಾನು’: ಶಾಂತಾ ರಾಮರಾವ್ ಅವರ ಪ್ರವಾಸ ಕಥನ ಮತ್ತು ಜೀವನಚರಿತ್ರೆ

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಿದರೆ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಕಾಲ ಕ್ರಿ.ಶ. 634. ಇಮ್ಮಡಿ ಪುಲಕೇಶಿಯ ವಂಶ, ದಂಡಯಾತ್ರೆ, ಹರ್ಷವರ್ಧನನ ಹರ್ಷವೇ ಇಳಿದುಹೋದ ಪ್ರಸಂಗ ಎಲ್ಲವನ್ನೂ ಸಂಸ್ಕೃತ ಪದ್ಯಗಳಲ್ಲಿ ಹೇಳಿ ಮುಗಿಸುವ ಕವಿ, ಕಡೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ಕೊರೆಸಿಬಿಡುತ್ತಾನೆ. ಬಾದಾಮಿಯ ಮೂರನೆಯ ಗುಹೆಯದು ಇದಕ್ಕೆ ತದ್ವಿರುದ್ಧ. 578ರಲ್ಲಿ ಅದನ್ನು ಕಡೆಸಿದವನು ಮಂಗಲೇಶ. ಪುಣ್ಯವನ್ನು ಮಾತ್ರ ಅಣ್ಣ ಕೀರ್ತಿವರ್ಮನಿಗೆ ಬಿಟ್ಟುಕೊಟ್ಟ. ಇನ್ನೊಬ್ಬರ ಬಾಳನ್ನು ಬರೆಯುವವರು ತಮ್ಮ ಹೆಸರನ್ನು ಎಲ್ಲಿಡಬೇಕು? ಶಾಂತಾ ರಾಮರಾವ್ (1923–2009) ಅವರ ಪುಸ್ತಕಗಳನ್ನು ಓದುವಾಗ ಈ ಎರಡು ಬಂಡೆಗಳು ನನಗೆ ಮತ್ತೆ ಮತ್ತೆ ನೆನಪಾದವು.

ಅವರು ಬರೆದದ್ದು ಇಂಗ್ಲಿಷಿನಲ್ಲಿ. ಹಾಗಾಗಿ ನಮ್ಮ ಪ್ರವಾಸ ಸಾಹಿತ್ಯದ ಚರ್ಚೆಯಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ. ಬೇರು ಮಾತ್ರ ಎರಡು ಕಡೆಯಿಂದಲೂ ಈ ನೆಲದ್ದೇ. ತಂದೆ ಬೆನೆಗಲ್ ರಾಮರಾವ್ ಮಂಗಳೂರಿನ ಸಾರಸ್ವತರು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು. ಸಂವಿಧಾನ ಸಭೆಯ ಸಲಹೆಗಾರ ಬಿ. ಎನ್. ರಾವ್ ದೊಡ್ಡಪ್ಪ. ತಾಯಿ ಧನ್ವಂತಿ ಹಂಡೂ ಕಾಶ್ಮೀರಿ ಪಂಡಿತರ ಮನೆಯ ಮಗಳು, ಆದರೆ 1893ರಲ್ಲಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಶಾಲೆಗೆ ಹೋದದ್ದೂ ಅಲ್ಲೇ. ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದು ಗದಗಿಗೆ ಬಂದು ಹುಬ್ಬಳ್ಳಿ ಸೇರುವ ರೈಲುದಾರಿ ಆಗಿನ್ನೂ ಹೊಸದು. ಎಲ್ಲೆಲ್ಲಿಯ ಜನವೋ ಬಂದು ನೆಲೆಸುತ್ತಿದ್ದ ಆ ರೈಲಿನ ಊರಲ್ಲಿ ಕಾಶ್ಮೀರದ ಕುಟುಂಬವೊಂದು ಬೇರೂರಿದ್ದು ಸೋಜಿಗವೇನಲ್ಲ.

ಶಾಂತಾ ಅವರನ್ನು ಅರಿಯಲು ಅವರ ದೊಡ್ಡ ಪುಸ್ತಕಗಳಿಗಿಂತ ಕೆಲವೇ ಪುಟಗಳ ಒಂದು ಬರಹ ಹೆಚ್ಚು ನೆರವಾಗುತ್ತದೆ. ‘ಬೈ ಎನಿ ಅದರ್ ನೇಮ್’ ಎಂಬ ಆ ನೆನಪು 1951ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂತು. ಐದೂವರೆ ವರ್ಷದ ಶಾಂತಾ, ಎಂಟು ವರ್ಷದ ಅಕ್ಕ ಪ್ರಮೀಳಾ ಆಂಗ್ಲೋ ಇಂಡಿಯನ್ ಶಾಲೆಗೆ ಸೇರುವ ದಿನ. ಮುಖ್ಯೋಪಾಧ್ಯಾಯಿನಿಗೆ ಇವರ ಹೆಸರು ನಾಲಿಗೆಗೆ ಹೊರಳುವುದಿಲ್ಲ; ನಿಂತ ಕಾಲಲ್ಲೇ ಅಕ್ಕ ಪಮೇಲಾ ಆಗುತ್ತಾಳೆ, ತಂಗಿ ಸಿಂಥಿಯಾ. ವಾರ ಕಳೆಯುವಷ್ಟರಲ್ಲಿ ಅಕ್ಕನ ತರಗತಿಯಲ್ಲಿ ಪರೀಕ್ಷೆ. ಭಾರತೀಯ ಮಕ್ಕಳು ನಕಲು ಮಾಡುತ್ತಾರೆಂದು ಟೀಚರು ಅವರನ್ನೆಲ್ಲ ಹಿಂದಿನ ಸಾಲಿಗೆ ತಳ್ಳಿ, ಇಬ್ಬರ ನಡುವೆ ಒಂದೊಂದು ಡೆಸ್ಕು ಖಾಲಿ ಬಿಡಿಸುತ್ತಾರೆ. ಪ್ರಮೀಳಾ ಎದ್ದು ಬಂದು ತಂಗಿಯ ತರಗತಿಯ ಬಾಗಿಲು ತೆರೆದು, ಮನೆಗೆ ನಡಿ ಎನ್ನುತ್ತಾಳೆ. ಇಬ್ಬರೂ ಉರಿಬಿಸಿಲಲ್ಲಿ ನಡೆದೇ ಮನೆ ಸೇರುತ್ತಾರೆ. ಚಿಕ್ಕವಳಿಗೆ ಆದದ್ದೆಲ್ಲ ಅರ್ಥವಾಗಿದೆ. ಆದರೆ ಅದೆಲ್ಲ ಸಿಂಥಿಯಾ ಎಂಬ ಬೇರೆ ಯಾರಿಗೋ ಆದದ್ದು ಎಂದುಕೊಂಡು ನಿಶ್ಚಿಂತಳಾಗಿದ್ದಾಳೆ. ಅವಮಾನವನ್ನು ಹೀಗೆ ಇನ್ನೊಂದು ಹೆಸರಿನ ಮೇಲೆ ಹಾಕಿ ದೂರ ನಿಂತು ನೋಡುವ ಈ ಜಾಣತನವೇ ಅವರ ಬರವಣಿಗೆಯ ಬೀಜ ಎಂಬುದು ನನ್ನ ಗ್ರಹಿಕೆ.

ತಂದೆ ಸೈಮನ್ ಆಯೋಗದ ಹಣಕಾಸು ಸಲಹೆಗಾರರಾಗಿದ್ದರು. ಅವರೊಂದಿಗೆ ಆರನೆಯ ವಯಸ್ಸಿಗೆ ಇಂಗ್ಲೆಂಡಿಗೆ ಹೋದ ಹುಡುಗಿ ಮರಳಿದ್ದು 1939ರಲ್ಲಿ, ಹದಿನಾರರಲ್ಲಿ. ಆಮೇಲೆ ಅಮೆರಿಕದ ವೆಲೆಸ್ಲಿ ಕಾಲೇಜು, 1944ರಲ್ಲಿ ಪದವಿ. ಮರುವರ್ಷ ಮೊದಲ ಪುಸ್ತಕ ‘ಹೋಮ್ ಟು ಇಂಡಿಯಾ’. ಸಾಮಾನ್ಯವಾಗಿ ಪ್ರವಾಸ ಕಥನ ಮನೆಯಿಂದ ಹೊರಡುತ್ತದೆ. ಇದು ಮನೆಯನ್ನೇ ಕಾಣದ ಊರಿನ ಹಾಗೆ ನೋಡುತ್ತದೆ. ಸ್ವಂತ ಅಜ್ಜಿಯ ರೀತಿನೀತಿ ಈ ಪ್ರವಾಸಿಗೆ ಪರದೇಶದ ಕಟ್ಟಳೆ.

1947ರಲ್ಲಿ ತಂದೆ ಜಪಾನಿನಲ್ಲಿ ಭಾರತದ ಪ್ರತಿನಿಧಿಯಾದಾಗ ಶಾಂತಾ ಟೋಕಿಯೋದಲ್ಲಿ ಇಂಗ್ಲಿಷ್ ಕಲಿಸಿದರು. ಅಲ್ಲಿ ಪರಿಚಯವಾದ ಫೋಬಿಯನ್ ಬಾವರ್ಸ್ ಮುಂದೆ ಪತಿ. ಅಮೆರಿಕದ ಸೇನೆಯ ಹಿಡಿತದಲ್ಲಿದ್ದ ಜಪಾನಿನಲ್ಲಿ ಕಬುಕಿ ರಂಗಭೂಮಿಯನ್ನು ಸೆನ್ಸಾರಿನಿಂದ ಉಳಿಸಿದವರು, ರಷ್ಯದ ಸಂಗೀತಗಾರ ಸ್ಕ್ರ್ಯಾಬಿನ್‌ನ ಜೀವನಚರಿತ್ರೆ ಬರೆದವರು ಇದೇ ಬಾವರ್ಸ್. ಏಷ್ಯದ ತಿರುಗಾಟದಿಂದ ‘ಈಸ್ಟ್ ಆಫ್ ಹೋಮ್’ (1950), ಆಮೇಲೆ ‘ವ್ಯೂ ಟು ದ ಸೌತ್‌ಈಸ್ಟ್’ (1957), ‘ಮೈ ರಷ್ಯನ್ ಜರ್ನಿ’ (1959) ಬಂದವು. ಇವುಗಳ ಬಗ್ಗೆ ನನಗೊಂದು ತಕರಾರಿದೆ. ಅಮೆರಿಕದ ಓದುಗ ಎದುರಿಗೇ ಕೂತಿದ್ದಾನೆ ಎಂಬಂತೆ ಎಲ್ಲವನ್ನೂ ಬಿಡಿಸಿ ಹೇಳುವ ಸೌಜನ್ಯ ಕೆಲವೆಡೆ ಬೇಸರ ತರಿಸುತ್ತದೆ. ಸಂತೆಯಲ್ಲಿ ಗೆಳತಿಯ ಕೈಹಿಡಿದು ತೋರಿಸುತ್ತ ಹೋಗುವವಳಿಗೆ ತಾನು ನಿಂತು ನೋಡಲು ಪುರುಸೊತ್ತಿರುವುದಿಲ್ಲ, ಹಾಗೆ.

ಅವರ ನಿಜವಾದ ಕಸುಬು ತೆರೆದುಕೊಂಡದ್ದು ಇನ್ನೊಬ್ಬರ ದನಿಯೊಳಗೆ. ಇ. ಎಂ. ಫಾಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಅವರು ನಾಟಕವಾಗಿಸಿದರು. ಫಾಸ್ಟರ್ ಮೆಚ್ಚಿ ಒಪ್ಪಿದರು. 1960ರಲ್ಲಿ ಆಕ್ಸ್‌ಫರ್ಡ್ ಮತ್ತು ಲಂಡನ್, 1962ರಲ್ಲಿ ಬ್ರಾಡ್‌ವೇ. ಆ ಕಥೆಯ ತಿರುವು ಇರುವುದು ಮರಬಾರ್ ಗುಹೆಗಳಲ್ಲಿ. ಬಿಹಾರದ ಬರಾಬರ್ ಗುಹೆಗಳು ಅದಕ್ಕೆ ಮಾದರಿ: ನುಣುಪು ಗೋಡೆ, ಚಿತ್ತಾರವಿಲ್ಲ, ಬರೀ ಪ್ರತಿಧ್ವನಿ. ಬಾದಾಮಿಯ ಗುಹೆ ನೋಡಿ ಬೆಳೆದವರಿಗೆ ಈ ಬೋಳುತನ ವಿಚಿತ್ರ ಅನಿಸೀತು. ನಮ್ಮಲ್ಲಿ ಕಂಬಕ್ಕೊಂದು ಕಥೆ. ಡೇವಿಡ್ ಲೀನ್ ಅವರ 1984ರ ಸಿನಿಮಾ ಕೂಡ ಕಾದಂಬರಿಯ ಜೊತೆಗೆ ಶಾಂತಾ ಅವರ ನಾಟಕವನ್ನೂ ತನ್ನ ಆಧಾರವೆಂದು ಹೆಸರಿಸಿತು.

ಜೈಪುರದ ಮಹಾರಾಣಿ ಗಾಯತ್ರಿದೇವಿ ಅವರೊಡನೆ ಬರೆದ ‘ಎ ಪ್ರಿನ್ಸೆಸ್ ರಿಮೆಂಬರ್ಸ್’ 1976ರಲ್ಲಿ ಬಂತು. 1962ರಲ್ಲಿ ಸ್ವತಂತ್ರ ಪಕ್ಷದಿಂದ ಲೋಕಸಭೆಗೆ ಗೆದ್ದ, ತುರ್ತು ಪರಿಸ್ಥಿತಿಯಲ್ಲಿ ತಿಹಾರ್ ಜೈಲು ಕಂಡ ರಾಣಿಯ ಕಥೆ ಅದು. ಪುಸ್ತಕದ ಉದ್ದಕ್ಕೂ ‘ನಾನು’ ಎನ್ನುವವರು ಗಾಯತ್ರಿದೇವಿ. ರಕ್ಷಾಪುಟದಲ್ಲಿ ಎರಡು ಹೆಸರು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿ ನೇಯುತ್ತಾರೆ. ಉಟ್ಟಾಗ ಆ ಕೂಡಿಕೆ ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿದರೆ ತಿಳಿದೀತು. ಈ ಪುಸ್ತಕವನ್ನು ನಾನು ಬೆರಳಾಡಿಸುತ್ತಲೇ ಓದಿದೆ. ಅರಮನೆಯ ಬಾಲ್ಯವನ್ನು ಹೊರಗಿನವಳ ಅಚ್ಚರಿಯಿಂದ ನೋಡುವ ಕಣ್ಣು, ಬೆಡಗಿನ ನಡುವೆ ಸಣ್ಣಗೆ ನಕ್ಕುಬಿಡುವ ವಾಕ್ಯ ಎದುರಾದಲ್ಲಿ ‘ಹೋಮ್ ಟು ಇಂಡಿಯಾ’ದ ಹುಡುಗಿಯೇ ಮಾತಾಡಿದಂತೆ ಕೇಳಿಸಿತು. ಸಿಂಥಿಯಾಳ ಹೆಸರಿನ ಹಿಂದೆ ಅಡಗಲು ಕಲಿತವಳು ಇಲ್ಲಿ ಮಹಾರಾಣಿಯ ‘ನಾನು’ವಿನೊಳಗೆ ಹಾಯಾಗಿ ಕೂತಿದ್ದಾಳೆ. ರವಿಕೀರ್ತಿಯ ದಾರಿ ಅವರದಲ್ಲ, ಮಂಗಲೇಶನದು.

ತಾಯಿಯ ದಾರಿ ಬೇರೆ. ಬಾಲ್ಯವಿವಾಹದ ವಿರುದ್ಧ ದುಡಿದು, 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿ, 1959ರಲ್ಲಿ ಪದ್ಮಭೂಷಣ ಪಡೆದ ಧನ್ವಂತಿ ರಾಮರಾವ್ ಎಂಬತ್ತು ದಾಟಿದ ಮೇಲೆ ತಮ್ಮ ಕಥೆಯನ್ನು ತಾವೇ ಬರೆದರು. ‘ಆನ್ ಇನ್‌ಹೆರಿಟೆನ್ಸ್’ ಅಚ್ಚಾದದ್ದು 1977ರಲ್ಲಿ, ಮಗಳು ರಾಣಿಯ ಕಥೆ ಪ್ರಕಟಿಸಿದ ಮರುವರ್ಷ. ರಕ್ಷಾಪುಟದಲ್ಲಿ ಒಂದೇ ಹೆಸರು.