ದೇವರನ್ನು ಬಯ್ಯುವ ಹಾಡು

ಖೆಡ್ಡಾ ಎಂದೊಡನೆ ಮೈಸೂರಿಗರ ಕಣ್ಣ ಮುಂದೆ ನಿಲ್ಲುವುದು ಕಾಕನಕೋಟೆ, ಕಪಿಲೆಯ ದಡ, ಮಹಾರಾಜರು, ಅವರ ಬಿಳಿಯ ಅತಿಥಿಗಳು. ಸ್ಯಾಂಡರ್ಸನ್ ದೊರೆ 1874ರಲ್ಲಿ ಚಾಮರಾಜನಗರದ ಬಳಿ ಗೆದ್ದ ವಿದ್ಯೆ ಮುಂದೆ ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಸಂಸ್ಥಾನದ ವೈಭವವಾಗಿ, 1971ರಲ್ಲಿ ಕೊನೆಗೊಂಡಿತು. ಆನೆಯ ಜಾಡು ಹಿಡಿದು, ಅಟ್ಟಿ, ಪಳಗಿಸಿದ ಜೇನುಕುರುಬರು ಚಿತ್ರಪಟಗಳಲ್ಲಿ ಉಂಟು, ಕೆಳಗಿನ ಹೆಸರುಗಳಲ್ಲಿಲ್ಲ.

ಅವರ ಕಡೆಯ ಚರಿತ್ರೆ ಎಲ್ಲಿದೆ? ಹುಣಸೂರಿನಲ್ಲಿ ಕನ್ನಡ ಪಾಠ ಹೇಳುವ ನಾನು ಬಹುಕಾಲ ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನೇ ತೋರಿಸುತ್ತಿದ್ದೆ. ದೊಡ್ಡ ಕೃತಿಯೇ, ಆದರೂ ಅದು ಕಾಡಿನವರ ಪರವಾಗಿ ನಾಡಿನವರು ಆಡಿದ ಮಾತು. ಅವರದೇ ಮಾತು ನನಗೆ ಕೇಳಿಸಿದುದು ಕೊಡಗಿನ ದೇವರಪುರದಲ್ಲಿ, ಮೇ ತಿಂಗಳ ಕುಂಡೆ ಹಬ್ಬದಲ್ಲಿ. ಹೆಸರೇ ಸಭ್ಯರ ಕಿವಿಗೆ ಸಹ್ಯವಲ್ಲ, ಬಲ್ಲೆ.

ಬೇಟೆಗೆಂದು ಕರೆದೊಯ್ದ ದೇವರು ಭದ್ರಕಾಳಿಯ ಮೋಹಕ್ಕೆ ಸಿಕ್ಕಿ ಇವರನ್ನು ನಡುಗಾಡಿನಲ್ಲಿ ಕೈಬಿಟ್ಟನಂತೆ. ಆ ಸಿಟ್ಟಿಗೆ ವರ್ಷಕ್ಕೊಮ್ಮೆ ಗಂಡಸರು ಹೆಣ್ಣುವೇಷ ತೊಟ್ಟು, ಡಬ್ಬ ಬುರುಡೆ ಬಡಿಯುತ್ತ, ದೇವರನ್ನು ಬಯ್ದು ಹಾಡುತ್ತಾರೆ. ಆ ಬಯ್ಗುಳವನ್ನು ಅಚ್ಚು ಹಾಕಿಸುವ ಧೈರ್ಯ ನಮ್ಮ ಸಂಪಾದಕರಿಗೂ ಇರಲಾರದು! ದಾರಿಯಲ್ಲಿ ಸಿಕ್ಕವರಿಗೂ ವಿನಾಯಿತಿಯಿಲ್ಲ. 1854ರಲ್ಲಿ ಫೌಲರ್ ಮಡಿಕೇರಿಯ ಬಳಿ ಕಾಫಿ ಹಾಕಿದ ಮೇಲೆ ಕೊಡಗಿನ ಕಾಡು ತೋಟವಾಗುತ್ತ ಬಂದು, ಕಾಡಿನವರು ಕೂಲಿಗಳಾದರು. ವರ್ಷವಿಡೀ ತಲೆತಗ್ಗಿಸಿದ ಆಳು ಆ ದಿನ ಬಯ್ಯುತ್ತಲೇ ಕಾಸು ಕೇಳುತ್ತಾನೆ; ಧಣಿ ನಗುತ್ತ ಕೊಡಬೇಕು. ಇದನ್ನು ಬರಿಯ ಪೋಲಿ ಹಾಡೆಂದು ನಾನೂ ಮೊದಲು ತಿಳಿದಿದ್ದೆ.

ಆದರೆ ನಡುಗಾಡಿನಲ್ಲಿ ಕೈಬಿಟ್ಟವರು ದೇವರೊಬ್ಬನೇ ಅಲ್ಲವಷ್ಟೆ. ಮೈಸೂರಿನ ಅರಣ್ಯ ಇಲಾಖೆ ಹುಟ್ಟಿದುದು ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿ, 1864ರಲ್ಲಿ. ಕಾಡು ಮೀಸಲಾಯಿತು, ಬಿದಿರು ಕಡಿದರೂ ಅಪರಾಧ ಎನ್ನುವ ಕಾಲ ಬಂದಿತು. ದೊರೆಗಳು ಹೋದ ಮೇಲೂ ಬೇಲಿ ಉಳಿಯಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಕಾಕನಕೋಟೆಯ ಕಾಡಿನ ಒಂದು ಭಾಗವನ್ನು ಮುಳುಗಿಸಿತು. ನಾಗರಹೊಳೆಯ ಕಾಡಿನಿಂದ ಹೊರಬಿದ್ದವರು 3,418 ಕುಟುಂಬಗಳೆಂದು ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿ 2014ರಲ್ಲಿ ವರದಿಯಿತ್ತಿತು. ಇದು ಚಾರಿತ್ರಿಕ ಅನ್ಯಾಯವೆಂದು 2006ರ ಅರಣ್ಯ ಹಕ್ಕು ಕಾಯಿದೆಯ ಪೀಠಿಕೆಯೇ ಒಪ್ಪಿದೆ. ಹಾಡಿನವರು ಆ ಪೀಠಿಕೆಗಾಗಿ ಕಾಯಲಿಲ್ಲ.

ಹುಣಸೂರಿನ ಹಾಡಿಯೊಂದರಲ್ಲಿ ಮುದುಕರೊಬ್ಬರನ್ನು, “ಯಜಮಾನರೇ, ಈ ಬಯ್ಗುಳ ನಿಜವಾಗಿ ಯಾರಿಗೆ?” ಎಂದು ಕೇಳಿದೆ.

“ದೇವ್ರಿಗೇ ಸಾಮಿ,” ಎಂದರು. ಸ್ವಲ್ಪ ತಡೆದು, “ನಿಂತು ಕೇಳಿದೋರು ಅವರವರ ಪಾಲು ತಕೊಂಡು ಹೋಗ್ತಾರೆ” ಎಂದು ಕೈ ಚಾಚಿದರು. ನಾನು ಹತ್ತು ರೂಪಾಯಿ ತೆತ್ತು ಬಂದೆ.